ಕೊರಳಿನ ಗಂಟು: ದಂಪತಿಗಳು ಅರಿತಿರಬೇಕಾದ ಸಂಗತಿಗಳು



ಕಾಪು ತಾಲ್ಲೂಕಿನ ಶಂಕರಪುರದ ಕಡೆ, ಮನೆಯ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತ ಕುಳಿತಿರುವ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿರಿ. ವಯಸ್ಸು 38. ನಾಲ್ಕು ವರ್ಷಗಳಿಂದ ಆಕೆ ಥೈರಾಯಿಡ್ ಮಾತ್ರೆ ಸೇವಿಸುತ್ತಿದ್ದಾಳೆ. ಕೊರಳು ತುಸು ದಪ್ಪಗಿರುವುದು ಮನೆಮಂದಿಗೆಲ್ಲ ತಿಳಿದ ವಿಷಯ. ಈಚೆಗೆ ಕರಿಮಣಿ ಸರದ ಕೆಳಗೆ, ಬಲಭಾಗದಲ್ಲಿ, ಗೋಲಿಯಷ್ಟು ಗಾತ್ರದ ಗಟ್ಟಿ ಗಂಟೊಂದು ಕೈಗೆ ಸಿಗುತ್ತಿದೆ. "ಅದು ಹಳೆಯ ಥೈರಾಯಿಡ್ಡೇ, ಮಾತ್ರೆ ನುಂಗುತ್ತಿದ್ದೇನಲ್ಲ" ಎಂದು ಆಕೆ ಸುಮ್ಮನಿದ್ದಾಳೆ. ಹೀಗೆ ಸುಮ್ಮನಿರುವುದು ಸರಿಯೇ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಗ್ರಂಥಿಯ ಕಾರ್ಯ

ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದ ಥೈರಾಯಿಡ್ ಗ್ರಂಥಿಯಿದೆ. ಆಹಾರದಲ್ಲಿರುವ ಅಯೋಡಿನ್ ಅಂಶವನ್ನು ಹೀರಿಕೊಂಡು ಅದು ಹಾರ್ಮೋನನ್ನು ತಯಾರಿಸುತ್ತದೆ. ದೇಹದ ಶಾಖ, ಹೃದಯದ ಬಡಿತ, ಮಾಸಿಕ ಋತುಸ್ರಾವ, ಗರ್ಭದಲ್ಲಿರುವ ಶಿಶುವಿನ ಮಿದುಳಿನ ಬೆಳವಣಿಗೆ ಇವೆಲ್ಲಕ್ಕೂ ಈ ಹಾರ್ಮೋನು ಅವಶ್ಯ. ಅದು ಕಡಿಮೆಯಾದರೆ ಆಯಾಸ, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಮೈ ಊದುವುದು, ಮುಟ್ಟಿನ ಏರುಪೇರು, ಗರ್ಭಧಾರಣೆಗೆ ತೊಡಕು ಮುಂತಾದವು ಕಾಣಿಸಿಕೊಳ್ಳುತ್ತವೆ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ನಮ್ಮ ರಕ್ತದಲ್ಲಿರುವ ಬಿಳಿ ರಕ್ತಕಣಗಳು ದೇಹಕ್ಕೆ ಬೇಲಿಯಿದ್ದಂತೆ. ಹೊರಗಿನಿಂದ ಬಂದ ರೋಗಾಣುಗಳನ್ನು ಗುರುತಿಸಿ ನಾಶಪಡಿಸುವುದು ಅವುಗಳ ಕೆಲಸ. ಇವುಗಳಲ್ಲಿ ಕೆಲವು ಪ್ರತಿಕಾಯಗಳೆಂಬ ವಸ್ತುಗಳನ್ನು ಉತ್ಪಾದಿಸುತ್ತವೆ. ಮತ್ತೆ ಕೆಲವು ನೇರವಾಗಿ ಶತ್ರುವಿನ ಮೇಲೆ ಎರಗುತ್ತವೆ. ಕೆಲವರಲ್ಲಿ ಈ ಬೇಲಿ ತನ್ನವರಾರು, ಅನ್ಯರಾರು ಎಂಬ ವಿವೇಚನೆಯನ್ನು ಕಳೆದುಕೊಂಡು ಥೈರಾಯಿಡ್ ಗ್ರಂಥಿಯನ್ನೇ ಮೇಯಲು ತೊಡಗುತ್ತದೆ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಅವರು ನಾಲ್ವರು ಸ್ತ್ರೀಯರ ಗ್ರಂಥಿಗಳನ್ನು ಪರೀಕ್ಷಿಸಿ, ಅವು ಬಿಳಿ ರಕ್ತಕಣಗಳಿಂದ ತುಂಬಿಹೋಗಿರುವುದನ್ನು ವರ್ಣಿಸಿದರು. ಅದರಿಂದ ಈ ರೋಗಕ್ಕೆ ಅವರ ಹೆಸರೇ ಬಂದಿತು. ಇಂಥ ರೋಗಿಗಳ ರಕ್ತದಲ್ಲಿ ತಮ್ಮದೇ ಗ್ರಂಥಿಯ ವಿರುದ್ಧ ಪ್ರತಿಕಾಯಗಳಿವೆ ಎಂಬುದು 1956ರಲ್ಲಿ ತಿಳಿದುಬಂದಿತು. ಈ ರೋಗ ಪುರುಷರಿಗಿಂತ ಸ್ತ್ರೀಯರಲ್ಲಿ ಬಹಳ ಹೆಚ್ಚು. ಇದು ಅಂಟುರೋಗವಲ್ಲ, ಯಾರ ತಪ್ಪಿನಿಂದಲೂ ಬರುವಂಥದಲ್ಲ.

ಒಂದೇ ಗ್ರಂಥಿಯಲ್ಲಿ ಎರಡು ರೋಗ

ಹಾಶಿಮೊಟೊ ರೋಗವಿರುವವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಎಂದೂ ಬರುವುದಿಲ್ಲ. ಆದರೆ ಕೆಲವರಲ್ಲಿ ಎರಡೂ ಒಟ್ಟಿಗೆ ಇರುವುದುಂಟು. ಇಂಥಲ್ಲಿ ಸಾಮಾನ್ಯವಾಗಿ ಕಾಣುವುದು ಪ್ಯಾಪಿಲರಿ ಎಂಬ ಜಾತಿಯ ಕ್ಯಾನ್ಸರ್. ಇದು ನಿಧಾನವಾಗಿ ಬೆಳೆಯುವಂಥದು. ಕಾಲಕ್ಕೆ ಸರಿಯಾಗಿ ಚಿಕಿತ್ಸೆ ದೊರೆತರೆ ಹೆಚ್ಚಿನವರು ಗುಣ ಹೊಂದಿ ದೀರ್ಘಕಾಲ ಬಾಳುತ್ತಾರೆ.

ಇಲ್ಲಿ ಒಂದು ವಿಶೇಷವಿದೆ. ಎರಡೂ ರೋಗಗಳು ಜೊತೆಗಿದ್ದವರಲ್ಲಿ ಕ್ಯಾನ್ಸರ್ ಗಂಟು ಹಲವು ವೇಳೆ ಚಿಕ್ಕದಾಗಿದ್ದು, ಕೊರಳಿನ ದುಗ್ಧಗ್ರಂಥಿಗಳಿಗೆ ಹರಡಿರುವುದು ಕಡಿಮೆಯೆಂದು ಅನೇಕ ಅಧ್ಯಯನಗಳು ಕಂಡಿವೆ. ಹೊಲ ಮೇಯಲು ನುಗ್ಗಿದ ಬಿಳಿ ರಕ್ತಕಣಗಳೇ ಅಲ್ಲಿರುವ ಕಳೆಯ ಮೇಲೂ ಎರಗುತ್ತಿರಬಹುದೆಂಬುದು ಇದಕ್ಕೆ ಒಂದು ವಿವರಣೆ. ಇಂಥ ರೋಗಿಗಳು ಆಗಾಗ ತಪಾಸಣೆಗೆ ಬರುವುದರಿಂದ ಗಂಟು ಬೇಗನೆ ಪತ್ತೆಯಾಗುತ್ತದೆ ಎಂಬುದು ಇನ್ನೊಂದು. ಆದರೆ ಬಹುಕಾಲದ ಉರಿಯೂತವೇ ಕ್ಯಾನ್ಸರಿಗೆ ದಾರಿಯಾಗಬಹುದೇ ಎಂಬ ಪ್ರಶ್ನೆಯೂ ಇದೆ. ಅಲ್ಲದೆ, ಕ್ಯಾನ್ಸರ್ ಕಣಗಳು ಮಹಾ ವೇಷಧಾರಿಗಳು. "ನಾನು ನಿನ್ನವನೇ, ತಡೆ" ಎಂದು ಸೂಚಿಸುವ ಗುರುತನ್ನು ತಮ್ಮ ಮೈಮೇಲೆ ಧರಿಸಿ, ಬಿಳಿ ರಕ್ತಕಣಗಳ ಕೈಕಟ್ಟಿಬಿಡಬಲ್ಲವು. ಇಂಥ ತಡೆಯನ್ನು ಸಡಿಲಿಸಿ ಕ್ಯಾನ್ಸರಿಗೆ ಚಿಕಿತ್ಸೆ ನೀಡುವ ಮಾರ್ಗವನ್ನು ಕಂಡುಕೊಟ್ಟ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಔಷಧಗಳನ್ನು ಪಡೆದವರಲ್ಲಿ ಕೆಲವರಿಗೆ ಥೈರಾಯಿಡ್ ಉರಿಯೂತ ಉಂಟಾಗುವುದನ್ನು ನೋಡಿದರೆ, ಈ ಎರಡು ಸಂಗತಿಗಳ ನಂಟು ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ.

ಆದುದರಿಂದ ಒಳಗಿನ ಕಾವಲನ್ನೇ ನಂಬಿ ಕುಳಿತುಕೊಳ್ಳಬಾರದು. ಹಾಗೆಂದು ಭಯಪಡಲೂ ಬೇಕಿಲ್ಲ. ಕೊರಳಿನ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಎಂಬುದು ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಪರೀಕ್ಷೆ ಹೇಗೆ?

ಕನ್ನಡಿಯ ಮುಂದೆ ನಿಂತು, ಗಲ್ಲವನ್ನು ತುಸು ಮೇಲೆತ್ತಿ ಒಂದು ಗುಟುಕು ನೀರು ನುಂಗಿರಿ. ಥೈರಾಯಿಡಿನ ಗಂಟು ನುಂಗುವಾಗ ಮೇಲೇರಿ ಕೆಳಗಿಳಿಯುತ್ತದೆ. ಹೊಸ ಗಂಟು ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ.

ರಕ್ತದ ಟಿ.ಎಸ್.ಎಚ್. ಪರೀಕ್ಷೆ ಗ್ರಂಥಿಯ ಕೆಲಸವನ್ನಷ್ಟೇ ಅಳೆಯುತ್ತದೆ. ಅದು ಸರಿಯಿದ್ದರೂ ಗಂಟಿನಲ್ಲಿ ಕ್ಯಾನ್ಸರ್ ಇರಬಹುದು. ಮಾತ್ರೆಯು ಹಾರ್ಮೋನಿನ ಕೊರತೆಯನ್ನು ತುಂಬುತ್ತದೆಯೇ ಹೊರತು ಗಂಟನ್ನು ಪರೀಕ್ಷಿಸುವುದಿಲ್ಲ. ಗಂಟಿಗೆ ಬೇಕಾದುದು ಅಲ್ಟ್ರಾಸೌಂಡ್ ಸ್ಕ್ಯಾನ್. ಸಂಶಯ ಕಂಡರೆ ಸಣ್ಣ ಸೂಜಿಯಿಂದ ಕೆಲವು ಕಣಗಳನ್ನು ತೆಗೆದು ನೋಡುವ ಎಫ್.ಎನ್.ಎ.ಸಿ. ಪರೀಕ್ಷೆ. ಸೂಜಿ ತಗುಲಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ಈ ಪರೀಕ್ಷೆಯನ್ನು ಮುಂದೂಡಬೇಡಿರಿ. ಪ್ರಾಥಮಿಕ ಕೇಂದ್ರದ ವೈದ್ಯರು ಅಗತ್ಯವನ್ನು ನೋಡಿ ಕಾರ್ಕಳದ ತಾಲ್ಲೂಕು ಆಸ್ಪತ್ರೆಗೆ, ಉಡುಪಿಯ ಅಜ್ಜರಕಾಡಿನಲ್ಲಿರುವ ಜಿಲ್ಲಾ ಆಸ್ಪತ್ರೆಗೆ ಅಥವಾ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಕಳುಹಿಸಿಕೊಡುವರು. ಹೋಗುವಾಗ ಪಡಿತರ ಚೀಟಿ, ಆಧಾರ್ ಚೀಟಿ, ಹಳೆಯ ವರದಿಗಳು ಜೊತೆಯಲ್ಲಿರಲಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಕುರಿತು ಮೊದಲೇ ವಿಚಾರಿಸಿರಿ.

ಕ್ಯಾನ್ಸರೆಂದು ಖಚಿತವಾದರೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದವರಲ್ಲಿ ರೋಗ ಮರುಕಳಿಸಿದೆಯೇ ಎಂದು ತಿಳಿಯಲು ಥೈರೋಗ್ಲೋಬುಲಿನ್ ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಹಾಶಿಮೊಟೊ ರೋಗಿಗಳ ರಕ್ತದಲ್ಲಿರುವ ಪ್ರತಿಕಾಯಗಳು ಈ ಅಳತೆಯನ್ನು ಮರೆಮಾಚಿ ಕಡಿಮೆಯೆಂದು ತೋರಿಸಬಹುದು. ಆದುದರಿಂದ ಹಳೆಯ ರೋಗದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ಸಂತಾನ ಬಯಸುವ ದಂಪತಿಗಳಿಗೆ

ಗರ್ಭ ನಿಂತಿತೆಂದು ಥೈರಾಯಿಡ್ ಮಾತ್ರೆಯನ್ನು ಎಂದಿಗೂ ನಿಲ್ಲಿಸಬಾರದು. ಆಗ ಅದರ ಪ್ರಮಾಣವನ್ನು ಅನೇಕ ವೇಳೆ ಹೆಚ್ಚಿಸಬೇಕಾಗುತ್ತದೆ; ಕೂಡಲೇ ವೈದ್ಯರನ್ನು ಕಾಣಿರಿ. ಮಾತ್ರೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯ ತನಕ ಕಾಫಿ, ತಿಂಡಿ ಸೇವಿಸಬೇಡಿರಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆಗಳ ಅಂತರವಿರಲಿ.

ಕ್ಯಾನ್ಸರಿನ ಶಸ್ತ್ರಕ್ರಿಯೆಯ ನಂತರ ಕೆಲವರಿಗೆ ವಿಕಿರಣ ಅಯೋಡಿನ್ ಕೊಡಬೇಕಾಗುತ್ತದೆ. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಇದನ್ನು ಕೊಡಕೂಡದು. ಚಿಕಿತ್ಸೆಯ ಬಳಿಕ ಸ್ತ್ರೀಯರು ಕನಿಷ್ಠ 6 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಚಿಕಿತ್ಸೆ ಪಡೆದವರು ಪತಿಯಾದರೆ ಅವರೂ ವೈದ್ಯರು ಹೇಳುವಷ್ಟು ತಿಂಗಳು ಕಾಯಬೇಕು. ಈ ಅವಧಿಗೆ ತಕ್ಕ ಕುಟುಂಬ ಯೋಜನಾ ವಿಧಾನವನ್ನು ಇಬ್ಬರೂ ಕೂಡಿ ಆರಿಸಿಕೊಳ್ಳಿರಿ.

ನೆನಪಿನಲ್ಲಿಡಿ

1. ಹಳೆಯ ಥೈರಾಯಿಡ್ ರೋಗವಿದ್ದರೂ ಹೊಸ ಗಂಟನ್ನು ಹೊಸದಾಗಿಯೇ ಪರೀಕ್ಷಿಸಬೇಕು.
2. ಗಂಟು ಬೇಗ ಬೇಗ ಬೆಳೆದರೆ, ಸ್ವರ ಒಡೆದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕೊರಳಿನ ಪಕ್ಕದಲ್ಲಿ ಗಡ್ಡೆ ಕಂಡರೆ ತಡಮಾಡಬೇಡಿರಿ.
3. ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿರಿ. ವೈದ್ಯರು ಹೇಳದೆ ಬೇರೆ ಅಯೋಡಿನ್ ಔಷಧ ಸೇವಿಸಬೇಡಿರಿ.

ಪತಿಯಾದವರಿಗೆ ಒಂದು ಮಾತು. ಮನೆಗೆಲಸ, ಮಕ್ಕಳು, ಮಾರುಕಟ್ಟೆ ಇವುಗಳ ನಡುವೆ ಗೃಹಿಣಿ ತನ್ನ ಕೊರಳನ್ನು ಕಡೆಗೆ ನೋಡಿಕೊಳ್ಳುತ್ತಾಳೆ. ಎದುರಿಗೆ ಕುಳಿತು ಉಣ್ಣುವ ನಿಮ್ಮ ಕಣ್ಣಿಗೆ ಅದು ಮೊದಲು ಬಿದ್ದೀತು. ಬಿದ್ದ ದಿನವೇ ಹೇಳಿರಿ; ಒಂದು ದಿನದ ಕೂಲಿ ಹೋದರೂ ಸರಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ. ಮಲ್ಲಿಗೆ ಕಟ್ಟುವ ಆ ಗೃಹಿಣಿಗೆ ಈಗ ಬೇಕಾಗಿರುವುದು ಅಷ್ಟೇ.