ಮಗನ ಜೇಬಿನಲ್ಲಿ ಗಾಂಜಾ ಸಿಕ್ಕಿತು, ಊರಿಗೆ ಕಳಿಸಿಬಿಡಲೇ?

ಪ್ರಶ್ನೆ: ನಾವು ಹುನಗುಂದ ಕಡೆಯವರು. ಮಗ ಚಿಕ್ಕವನಿದ್ದಾಗಲೇ ಪೀಣ್ಯಕ್ಕೆ ಬಂದೆವು. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್, ಯಜಮಾನರು ಸಿಎನ್‌ಸಿ ಆಪರೇಟರ್, ವಾರ ಬಿಟ್ಟು ವಾರ ನೈಟ್ ಶಿಫ್ಟ್. ಒಬ್ಬನೇ ಮಗ, 16 ವರ್ಷ, ಫಸ್ಟ್ ಪಿಯುಸಿ ಸೈನ್ಸ್. ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂನಲ್ಲಿ 84 ಪರ್ಸೆಂಟ್ ತೆಗೆದಿದ್ದ. ಈಗ ಟೆಸ್ಟ್‌ಗಳಲ್ಲಿ ಫೇಲಾಗುತ್ತಿದ್ದಾನೆ. ಹೋದ ತಿಂಗಳು ಪ್ಯಾಂಟು ಒಗೆಯಲು ತೆಗೆದರೆ ಜೇಬಿನಲ್ಲಿ ಚಿಕ್ಕ ಪ್ಲಾಸ್ಟಿಕ್ ಕವರು, ಅದರೊಳಗೆ ಒಣಗಿದ ಸೊಪ್ಪು, ತೆಳ್ಳನೆ ಸುತ್ತುವ ಕಾಗದ, ಕಣ್ಣಿಗೆ ಬಿಡುವ ಡ್ರಾಪ್ಸ್. ಗಾಂಜಾ ಅಂತ ಆಮೇಲೆ ಗೊತ್ತಾಯಿತು. ಟಾಯ್ಲೆಟ್‌ಗೆ ಹಾಕಿ ನೀರು ಬಿಟ್ಟೆ. ಕೇಳಿದರೆ ಮೊದಲು ‘ಫ್ರೆಂಡ್‌ದು’ ಅಂದ, ಆಮೇಲೆ ‘ಅದು ಗಿಡದ ಸೊಪ್ಪು, ಏನೂ ಆಗಲ್ಲ’ ಅಂದ. ಯಜಮಾನರಿಗೆ ಹೇಳಿಲ್ಲ, ಗೊತ್ತಾದರೆ ಹೊಡೆದು ಹಾಕುತ್ತಾರೆ. ಅವರಿಗೂ ಗುಟ್ಕಾ ಚಟ ಇದೆ. ಊರಲ್ಲಿ ನಮ್ಮ ಅಣ್ಣನ ಮನೆಗೆ ಕಳಿಸಿಬಿಡೋಣ ಅನಿಸುತ್ತದೆ. ಡಾಕ್ಟರ ಹತ್ತಿರ ಹೋದರೆ ಪೊಲೀಸ್ ಕೇಸ್ ಆಗುತ್ತಾ? ನಾನು ಕೆಲಸಕ್ಕೆ ಹೋಗಿದ್ದೇ ತಪ್ಪಾಯಿತಾ?
– ಹೆಸರು ಬೇಡ, ಪೀಣ್ಯ

ಉತ್ತರ: ಒಂದು ತಿಂಗಳು ಇದನ್ನು ಒಬ್ಬರೇ ಹೊತ್ತುಕೊಂಡಿದ್ದೀರಿ. ಬಾಯಿ ಬಿಟ್ಟರೆ ಮನೆ ರಣರಂಗವಾಗುತ್ತದೆ, ಸುಮ್ಮನಿದ್ದರೆ ಮಗ ಕೈತಪ್ಪಿ ಹೋಗುತ್ತಾನೆ ಎಂಬ ಸಂಕಟದಲ್ಲಿ ದಿನವೂ ಮಷೀನಿನ ಮುಂದೆ ಕೂತು ಟಾರ್ಗೆಟ್ ಮುಗಿಸಿದ್ದೀರಿ. ಮಗ ಬಾಗಿಲು ತೆಗೆದು ಒಳಗೆ ಬಂದ ಕೂಡಲೇ ಅವನ ಕಣ್ಣು ನೋಡುವುದು, ಅಂಗಿ ಮೂಸುವುದು, ನಿದ್ದೆಯಲ್ಲಿದ್ದಾಗ ಬ್ಯಾಗು ತಡಕುವುದು, ಇದನ್ನೆಲ್ಲ ನೀವು ಬರೆಯದಿದ್ದರೂ ಊಹಿಸಬಲ್ಲೆ. ಭಯ, ಸಿಟ್ಟು, ನಾಚಿಕೆ ಒಟ್ಟಿಗೇ ಬರುವುದು ಸಹಜ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಅದೇ. ಇಲ್ಲ, ನೀವು ಕೆಲಸಕ್ಕೆ ಹೋಗಿದ್ದು ತಪ್ಪಲ್ಲ. ಆ ಸಂಬಳದಿಂದಲೇ ಅವನ ಕಾಲೇಜಿನ ಫೀಸು ಹೋಗಿದೆ. ದಿನವಿಡೀ ತಾಯಿ ಮನೆಯಲ್ಲೇ ಇರುವ ಕುಟುಂಬಗಳಿಂದಲೂ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗೇಟು, ಸೆಕ್ಯುರಿಟಿ, ಕ್ಯಾಮೆರಾ ಎಲ್ಲ ಇರುವ ಅಪಾರ್ಟ್‌ಮೆಂಟುಗಳಿಂದಲೂ ಇಂಥದ್ದೇ ಪತ್ರಗಳು ಬರುತ್ತವೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಮೊಬೈಲ್ ಹುಡುಕಲೆಂದು ಹೈಸ್ಕೂಲ್ ಮಕ್ಕಳ ಬ್ಯಾಗು ತೆರೆದಾಗ ಸಿಗರೇಟು, ಲೈಟರ್, ವೈಟ್‌ನರ್ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆ ಸುದ್ದಿಯ ಗದ್ದಲದಲ್ಲಿ ಒಂದು ಒಳ್ಳೆಯ ಸಂಗತಿ ಮರೆಯಾಯಿತು. ಆ ಶಾಲೆಗಳು ಮಕ್ಕಳನ್ನು ಹೊರಹಾಕುವ ಬದಲು ಪೋಷಕರನ್ನು ಕರೆಸಿ ಆಪ್ತಸಮಾಲೋಚನೆಗೆ ಕಳಿಸಲು ಹೇಳಿದವು. ಆ ವಿವೇಕ ಮನೆಯಲ್ಲೂ ಬೇಕು.

ನಿಮ್ಮ ಮಗ ಕೈತಪ್ಪಿ ಹೋಗಿಲ್ಲ. ಸೇದಿ ನೋಡಿದ ಹುಡುಗರೆಲ್ಲ ವ್ಯಸನಿಗಳಾಗುವುದಿಲ್ಲ. ಹಾಗೆಂದು ‘ಏನೂ ಆಗಲ್ಲ’ ಎಂಬ ಅವನ ಮಾತನ್ನೂ ಒಪ್ಪಲಾಗದು. ಹದಿಹರೆಯದಲ್ಲಿ ಗಾಂಜಾ ಶುರುಮಾಡಿದವರಲ್ಲಿ ಸುಮಾರು 6 ಮಂದಿಗೆ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ. ಮಿದುಳಿನ ಬೆಳವಣಿಗೆ ಸುಮಾರು 25ರ ಹರೆಯದವರೆಗೂ ನಡೆಯುತ್ತಿರುತ್ತದೆ. ಮುಂದಾಲೋಚನೆ ಮಾಡುವ, ಆಸೆಗೆ ಕಡಿವಾಣ ಹಾಕುವ ಭಾಗ ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಈ ವಯಸ್ಸಿನಲ್ಲಿ ಮತ್ತೆ ಮತ್ತೆ ಗಾಂಜಾ ಸೇದಿದರೆ ನೆನಪು, ಗಮನ, ಹುಮ್ಮಸ್ಸು ಕುಗ್ಗುತ್ತವೆ. ಕೆಲವರಲ್ಲಿ ಇಲ್ಲದ ದನಿ ಕೇಳಿಸುವಂಥ, ಎಲ್ಲರ ಮೇಲೂ ಅನುಮಾನ ಹುಟ್ಟುವಂಥ ಮನೋರೋಗ ತಲೆ ಎತ್ತುತ್ತದೆ. ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದಿದ್ದರೆ ಅಪಾಯ ಇನ್ನೂ ಹೆಚ್ಚು. ಜಾತ್ರೆಯಲ್ಲಿ ಸಾಧುಗಳು ಸೇದುವುದಿಲ್ಲವೇ ಎಂದು ಅವನು ವಾದಿಸಿದರೆ, 50 ವರ್ಷದವರ ಮಿದುಳಿನ ಮಾತು ಬೇರೆ, ನಿನ್ನದು ಇನ್ನೂ ಬೆಳೆಯುತ್ತಿದೆ ಎಂದಷ್ಟೇ ಹೇಳಿ.

ನಿಮ್ಮ ಪತ್ರದಲ್ಲಿ ನೀವು ಎರಡೇ ಸಾಲಿನಲ್ಲಿ ದಾಟಿ ಹೋದ ಜಾಗದಲ್ಲಿ ನಾನು ನಿಂತೆ. ಕನ್ನಡ ಮೀಡಿಯಂನಲ್ಲಿ 84 ಪರ್ಸೆಂಟ್ ತೆಗೆದ ಹುಡುಗ ಸೈನ್ಸ್‌ಗೆ ಸೇರಿ ಫೇಲಾಗುತ್ತಿದ್ದಾನೆ. ಎಸ್ಸೆಸ್ಸೆಲ್ಸಿವರೆಗೆ ‘ವೇಗೋತ್ಕರ್ಷ’ ಎಂದು ಓದಿದ್ದು ಪಿಯುಸಿಗೆ ಬಂದ ಕೂಡಲೇ ‘ಆಕ್ಸಿಲರೇಷನ್’ ಆಗುತ್ತದೆ. ಲೆಕ್ಚರರ್ ಬೋರ್ಡಿನ ಮೇಲೆ ಬರೆದದ್ದನ್ನು ಇಳಿಸಿಕೊಳ್ಳುವಷ್ಟರಲ್ಲಿ ಅಳಿಸಿಬಿಡುತ್ತಾರೆ. ಕೈ ಎತ್ತಿ ಕನ್ನಡದಲ್ಲಿ ಡೌಟು ಕೇಳಿದರೆ ಹಿಂದಿನ ಬೆಂಚು ನಗುತ್ತದೆ. ಊರಿನಲ್ಲೂ ವಠಾರದಲ್ಲೂ ‘ಜಾಣ’ ಎನಿಸಿಕೊಂಡಿದ್ದವನಿಗೆ ಇದ್ದಕ್ಕಿದ್ದಂತೆ ತಾನು ದಡ್ಡ ಅನಿಸಿದರೆ ಆ ನೋವನ್ನು ಯಾರಿಗೆ ಹೇಳಬೇಕು? ಅಪ್ಪ ನೈಟ್ ಶಿಫ್ಟಿಗೆ ಹೊರಟಿರುತ್ತಾರೆ, ಅಮ್ಮ ಓಟಿ ಮುಗಿಸಿ ಬರುವಾಗ ಕತ್ತಲಾಗಿರುತ್ತದೆ. ಕಾಲೇಜು ಬಿಟ್ಟ ಮೇಲೆ ಮೂರ್ನಾಲ್ಕು ಗಂಟೆ ಅವನು ಒಬ್ಬನೇ. ಆಗ ಯಾರೋ ಒಬ್ಬ ‘ಬಾ ಮಗಾ, ಟೆನ್ಷನ್ ಬಿಡು’ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಇದೇ ಕಾರಣ ಎಂದು ಪತ್ರ ಓದಿದಷ್ಟಕ್ಕೇ ತೀರ್ಪು ಕೊಡಲಾರೆ. ಆದರೆ ಮಾತು ಇಲ್ಲಿಂದ ಶುರುಮಾಡಿ ನೋಡಿ.

ಅದಕ್ಕೂ ಮುಂಚೆ ಯಜಮಾನರಿಗೆ ಹೇಳಬೇಕು. ನಿಮಗೆ ಕಷ್ಟವೆಂದು ಗೊತ್ತು. ಆದರೂ ಈ ಗುಟ್ಟನ್ನು ಇನ್ನು ಇಟ್ಟುಕೊಳ್ಳಬಾರದು. ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ ಎಂಬ ಸಂದಿಯಲ್ಲೇ ಚಟ ಬೇರು ಬಿಡುತ್ತದೆ. ನೈಟ್ ಶಿಫ್ಟ್ ಮುಗಿಸಿ ಸುಸ್ತಾಗಿ ಬಂದ ಹೊತ್ತು ಬೇಡ, ರಜೆಯ ದಿನ ಮಗ ಮನೆಯಲ್ಲಿ ಇಲ್ಲದಾಗ ಕೂರಿಸಿಕೊಂಡು ಹೇಳಿ. ಹೊಡೆಯುವುದಿಲ್ಲ ಎಂದು ಮೊದಲೇ ಮಾತು ತೆಗೆದುಕೊಳ್ಳಿ. ಅವರ ಕೈ ಮೇಲೇಳಬಹುದು ಎಂಬ ಭಯ ನಿಜವಾಗಿಯೂ ಇದ್ದರೆ, ಅವರು ಗೌರವಿಸುವ ಹಿರಿಯರೊಬ್ಬರನ್ನು, ನಿಮ್ಮ ಅಣ್ಣನನ್ನೇ ಆದರೂ ಸರಿ, ಜೊತೆಗೆ ಕೂರಿಸಿಕೊಳ್ಳಿ. ಹೊಡೆತ ತಿಂದ ಹುಡುಗ ಸೇದುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ.

ಅವರ ಗುಟ್ಕಾದ ವಿಷಯವೂ ಇಲ್ಲೇ ಬರಬೇಕು. ನೀವು ಹುನಗುಂದ ಕಡೆಯವರಾದ್ದರಿಂದ ಇಳಕಲ್ಲಿನ ಮಹಾಂತ ಸ್ವಾಮೀಜಿಯವರ ಜೋಳಿಗೆಯ ಬಗ್ಗೆ ಚಿಕ್ಕಂದಿನಿಂದ ಕೇಳಿರುತ್ತೀರಿ. 1975ರಿಂದ ಅವರು ಊರೂರು ತಿರುಗಿ, ಕಾಳು ಕಾಸು ಬೇಡ, ನಿಮ್ಮ ದುಶ್ಚಟ ಹಾಕಿ ಎಂದು ಜೋಳಿಗೆ ಒಡ್ಡಿದರು. ಜನ ಬೀಡಿ, ತಂಬಾಕು, ಗುಟ್ಕಾ ಚೀಟಿ ಹಾಕಿ ಮಾತು ಕೊಟ್ಟರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ಅಷ್ಟು ಶಕ್ತಿ ಬಂದದ್ದು ಅವರು ಚಟವನ್ನು ಕೇಳಿದರೇ ಹೊರತು ಚಟವಿದ್ದವನನ್ನು ಹೀಯಾಳಿಸಲಿಲ್ಲ ಎಂಬುದರಿಂದ ಎಂದು ನಾನು ನಂಬಿದ್ದೇನೆ. ‘ನೀನು ಅದನ್ನು ಬಿಡು, ನಾನು ಇದನ್ನು ಬಿಡ್ತೀನಿ, ಇಬ್ಬರಿಗೂ ಕಷ್ಟ ಆಗ್ತದ’ ಎಂದು ಅಪ್ಪ ಮಗನೆದುರು ಹೇಳಿದರೆ ನೂರು ಬುದ್ಧಿಮಾತಿಗಿಂತ ಹೆಚ್ಚು ನಾಟುತ್ತದೆ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356.

ಮಗನೊಡನೆ ಮಾತಾಡುವಾಗ ಅವನು ಅಮಲಿನಲ್ಲಿ ಇರಬಾರದು, ನೀವು ಸಿಟ್ಟಿನಲ್ಲಿ ಇರಬಾರದು. ಎದುರುಬದುರು ಕೂರಿಸಿ ವಿಚಾರಣೆ ಮಾಡುವುದಕ್ಕಿಂತ ರೊಟ್ಟಿ ಬಡಿಯುತ್ತಲೋ ನಡೆಯುತ್ತಲೋ ಮಾತಾಡುವುದು ಒಳ್ಳೆಯದು. ನಿಮ್ಮ ಮನೆಯ ಮಾತಿನಲ್ಲೇ ಹೇಳಿ: ‘ತಮ್ಮಾ, ನಿನ್ನ ಕಿಸೇದಾಗ ಸಿಕ್ಕಿದ್ದು ಏನಂತ ನನಗ ಗೊತ್ತದ. ನನಗ ಅಂಜಿಕಿ ಆಗೇದ. ಬೈಯಾಕ ಬಂದಿಲ್ಲ. ಯಾವಾಗಿಂದ, ಯಾಕ ಅನ್ನೋದು ಹೇಳು.’ ಹೇಳಿ ಸುಮ್ಮನಾಗಿ. ಮೊದಲ ದಿನ ಅವನು ಏನೂ ಹೇಳದಿರಬಹುದು, ಎದ್ದು ಹೋಗಲೂಬಹುದು. ಎರಡು ದಿನ ಬಿಟ್ಟು ಮತ್ತೆ ಕೇಳಿ. ‘ನಿನಗೋಸ್ಕರ ಇಷ್ಟು ದುಡಿದೆವು’ ಎಂಬ ಮಾತು ನಿಜವಾದರೂ ಈಗ ಬೇಡ. ಆ ಭಾರಕ್ಕೆ ಹೆದರಿಯೇ ಅವನು ಮಾರ್ಕ್ಸ್ ಕಾರ್ಡ್ ಮುಚ್ಚಿಡುತ್ತಿರಬಹುದು.

ಪ್ರೀತಿಯ ಜೊತೆ ಗೆರೆಯೂ ಬೇಕು. ಮನೆಯೊಳಗೆ ಆ ವಸ್ತು ಬರಕೂಡದು. ಲೆಕ್ಕವಿಲ್ಲದ ದುಡ್ಡು ಕೈಗೆ ಕೊಡಬೇಡಿ. ಎಲ್ಲಿರುತ್ತಾನೆ, ಯಾರ ಜೊತೆ ಎಂಬುದು ಗೊತ್ತಿರಬೇಕು. ಗುಟ್ಟಾಗಿ ಮೂತ್ರ ಪರೀಕ್ಷೆ ಮಾಡಿಸುವುದು, ಕಾಲೇಜಿನವರೆಗೆ ಹಿಂಬಾಲಿಸುವುದು ಬೇಡ. ಸಂಜೆಯ ಆ ಮೂರ್ನಾಲ್ಕು ಗಂಟೆಗೆ ಏನಾದರೂ ವ್ಯವಸ್ಥೆಯಾಗಬೇಕು: ಕನ್ನಡದಲ್ಲಿ ಬಿಡಿಸಿ ಹೇಳುವ ಟ್ಯೂಷನ್, ಲೈಬ್ರರಿ, ಕಬಡ್ಡಿ, ಅವನಿಗೆ ಏನು ಹಿಡಿಸುತ್ತದೋ ಅದು. ಕಾಲೇಜಿಗೆ ಒಮ್ಮೆ ಹೋಗಿ ನಂಬಿಕಸ್ಥ ಲೆಕ್ಚರರ್ ಒಬ್ಬರೊಡನೆ ಓದಿನ ತೊಂದರೆಯನ್ನಷ್ಟೇ ಮಾತಾಡಿ. ಸೈನ್ಸ್ ಅವನಿಗೆ ನಿಜಕ್ಕೂ ಬೇಡವಾಗಿದ್ದರೆ ಕನ್ನಡ ಮಾಧ್ಯಮದಲ್ಲಿ ಕಲಾ ಅಥವಾ ವಾಣಿಜ್ಯ ವಿಭಾಗ ಓದಬಹುದು. ಒಂದು ವರ್ಷ ಹೋದರೆ ಹೋಗಲಿ.

ಊರಿಗೆ ಕಳಿಸುವುದು ಸದ್ಯಕ್ಕೆ ಬೇಡ. ದಸರಾ ರಜೆಗೆ ಹೋಗಿ ಬರಲಿ, ಸಂತೋಷ. ಆದರೆ ಶಿಕ್ಷೆಯೆಂದು ಕಳಿಸಿದರೆ ‘ನಾನು ಇವರಿಗೆ ಬೇಡವಾದೆ’ ಎಂದುಕೊಳ್ಳುತ್ತಾನೆ. ಓದೂ ನಿಲ್ಲುತ್ತದೆ, ಅಣ್ಣನ ಮನೆಯವರಿಗೆ ಹೇಗೆ ನೋಡಿಕೊಳ್ಳಬೇಕೆಂದೂ ತಿಳಿಯುವುದಿಲ್ಲ. ಇಂದು ಯಾವ ಊರೂ ಇದರಿಂದ ಪೂರ್ತಿ ದೂರವಿಲ್ಲ.

ಡಾಕ್ಟರ ಬಳಿ ಹೋದರೆ ಪೊಲೀಸ್ ಕೇಸ್ ಆಗುವುದಿಲ್ಲ. ರೋಗಿಯ ಗುಟ್ಟು ಕಾಯುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ಹಕ್ಕಾಗಿ ಕೊಟ್ಟಿದೆ. ಗಾಂಜಾ ಸೇವನೆ ಕಾನೂನಿನ ಪ್ರಕಾರ ಅಪರಾಧವೇ. ಆದರೂ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿಯೂ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮಕ್ಕಳಿಗೆ ಮಾದಕ ವಸ್ತು ಕೊಡುವವರ ಮೇಲೆ ಮಾತ್ರ ಕಾನೂನು ಕಠಿಣ: ಬಾಲನ್ಯಾಯ ಕಾಯ್ದೆಯ 77ನೇ ಕಲಂ ಅಡಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮಾರುವವರ ಬಗ್ಗೆ 1933 ಸಹಾಯವಾಣಿಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಆದರೆ ಮಗನ ಬಾಯಿಂದ ಮಾರುವವನ ಹೆಸರು ಹೊರಡಿಸುವುದೇ ನಿಮ್ಮ ಮೊದಲ ಕೆಲಸವಾಗಬಾರದು.

ಎಲ್ಲಿಗೆ ಹೋಗಬೇಕು? ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೂ ಇದೆ. ಪೀಣ್ಯದಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್‌ಗೆ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ನಿಮ್ಮ ಇಎಸ್‌ಐ ಕಾರ್ಡಿನಲ್ಲಿ ಮಗನ ಹೆಸರಿದ್ದರೆ ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು. ರಜೆ ಹಾಕಲು ಆಗುವವರೆಗೆ ಫೋನಿನಲ್ಲಿ ಶುರುಮಾಡಿ: ಟೆಲಿ-ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ‘ನಿನಗೆ ಹುಚ್ಚು ಹಿಡಿದಿಲ್ಲ, ನಿದ್ದೆ, ಓದು, ಟೆನ್ಷನ್ ಬಗ್ಗೆ ಮಾತಾಡಲು ಹೋಗೋಣ’ ಎಂದರೆ ಹುಡುಗರು ಬರಲು ಒಪ್ಪುವುದುಂಟು. ಬರದಿದ್ದರೆ ಮೊದಲು ನೀವಿಬ್ಬರೇ ಹೋಗಿ.

ರಾತ್ರೋರಾತ್ರಿ ವ್ಯಾನ್ ತಂದು ಎತ್ತಿಕೊಂಡು ಹೋಗಿ ‘ಸರಿಮಾಡಿ’ ಕಳಿಸುತ್ತೇವೆ ಎನ್ನುವ ಖಾಸಗಿ ಕೇಂದ್ರಗಳ ಹತ್ತಿರ ಹೋಗಬೇಡಿ. 18 ತುಂಬದವರನ್ನು ಒಳರೋಗಿಯಾಗಿ ಸೇರಿಸುವುದು ಅನಿವಾರ್ಯವಾದಾಗ ಮಾತ್ರ, ಅದೂ ಮನೋವೈದ್ಯರು ಪರೀಕ್ಷಿಸಿದ ಮೇಲೆ, ದೊಡ್ಡವರಿಂದ ಬೇರೆಯಾದ ಜಾಗದಲ್ಲಿ.

ಇಲ್ಲದ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆ ಬಿಡುವುದು, ಸಾಯುವ ಮಾತಾಡುವುದು, ತೋಳಿನಲ್ಲಿ ಸೂಜಿಯ ಗುರುತು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದರೆ ಅಥವಾ ಫಿಟ್ಸ್ ಬಂದರೆ 108ಕ್ಕೆ ಕರೆ ಮಾಡಿ.

ಇದನ್ನು ಓದುತ್ತಿರುವ ಪೀಣ್ಯದ ವರ್ಕ್‌ಶಾಪ್, ಪೇಂಟಿಂಗ್ ಶೆಡ್, ಪಂಕ್ಚರ್ ಅಂಗಡಿಯವರಲ್ಲಿ ಒಂದು ವಿನಂತಿ. ಥಿನ್ನರ್, ಸೊಲ್ಯೂಷನ್ ಮೂಸುವ ಚಟಕ್ಕೆ ದೊಡ್ಡವರಿಗಿಂತ ಮಕ್ಕಳೇ ಹೆಚ್ಚಾಗಿ ಬೀಳುತ್ತಾರೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 4.6 ಲಕ್ಷ ಮಕ್ಕಳಿಗೆ ಈ ಚಟದಿಂದ ಹೊರಬರಲು ನೆರವು ಬೇಕಿತ್ತು. ಒಂದೇ ಸಲ ಮೂಸಿದ್ದಕ್ಕೂ ಹೃದಯ ನಿಂತುಹೋಗಬಹುದು. ಡಬ್ಬಕ್ಕೆ ಬೀಗ ಹಾಕಿ, ಮಕ್ಕಳ ಕೈಗೆ ಮಾರಬೇಡಿ.

ತಾಯಿ, ನಡುವೆ ಒಂದೆರಡು ಸಲ ಅವನು ಮತ್ತೆ ಸೇದಬಹುದು. ಹಾಗಾದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಡಾಕ್ಟರಿಗೆ ಅದನ್ನೂ ಹೇಳಿ. ಈ ವಾರದ ರಜೆಯ ದಿನ ಯಜಮಾನರೊಡನೆ ಮಾತಾಡಿ. ಅದಕ್ಕೂ ಧೈರ್ಯ ಸಾಲದಿದ್ದರೆ ಹೇಗೆ ಹೇಳಬೇಕೆಂದು ಕೇಳಲು ಮೊದಲು 14416ಕ್ಕೆ ನೀವೇ ಫೋನ್ ಮಾಡಿ. ದಿನದ 24 ಗಂಟೆಯೂ ತೆಗೆದುಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.