ರೋಟರಿ ತಿರುಗುವಾಗ ಫೀಡ್ ಏಕೆ ಕುಸಿಯುತ್ತದೆ?

ದಯವಿಟ್ಟು ಮೋಟಾರ್ ಬದಲಿಸಲು ಹೋಗಬೇಡಿ. ದೋಷ ಇರುವುದು ಎಫ್ ಅಂಕಿಯಲ್ಲಿ. ನಿಮಿಷದ ಫೀಡ್ ಮೋಡ್ ಆದ ಜಿ94ರಲ್ಲಿ ರೋಟರಿಯ ಎ ಅಕ್ಷವೊಂದೇ ತಿರುಗಿದಾಗ ಲಿನಕ್ಸ್‌ಸಿಎನ್‌ಸಿ ಎಫ್400 ಅನ್ನು ನಿಮಿಷಕ್ಕೆ 400 ಡಿಗ್ರಿ ಎಂದೇ ಓದುತ್ತದೆ. 25 ಮಿ.ಮೀ. ತ್ರಿಜ್ಯದಲ್ಲಿ ಅದು ನಿಮಿಷಕ್ಕೆ ಸುಮಾರು 175 ಮಿ.ಮೀ.; 5 ಮಿ.ಮೀ.ಗೆ ಇಳಿದರೆ ಬರೀ 35. ಟೂಲ್ ಕಡಿಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ರೋಟರಿಯಲ್ಲಿ ಕೆತ್ತಿದ ಕಂಬದ ಸಣ್ಣ ಕತ್ತಿನಲ್ಲಿ ಕಾಣುವ ಸುಟ್ಟ ಕಲೆ ಅದರದ್ದೇ.

ಜಿ93ಕ್ಕೆ, ಅಂದರೆ ಇನ್ವರ್ಸ್ ಟೈಮ್ ಮೋಡ್‌ಗೆ ಬನ್ನಿ. ಇಲ್ಲಿ ಎಫ್ ಎಂದರೆ, ಬೇಕಾದ ವೇಗವನ್ನು ಆ ಸಾಲಿನಲ್ಲಿ ಟೂಲ್ ಸಾಗುವ ದೂರದಿಂದ ಭಾಗಿಸಿದ್ದು. 25 ಮಿ.ಮೀ. ತ್ರಿಜ್ಯದಲ್ಲಿ 90 ಡಿಗ್ರಿ ತಿರುಗುತ್ತ ಎಕ್ಸ್ 20 ಮಿ.ಮೀ. ಸರಿದರೆ ದೂರ ಸುಮಾರು 44.07 ಮಿ.ಮೀ.; ವೇಗ 400 ಬೇಕೆಂದರೆ ಎಫ್ 9.08. ಪ್ರತಿ ಜಿ1 ಸಾಲಿಗೂ ಎಫ್ ಬರೆಯಲೇಬೇಕು, ಹಿಂದಿನ ಸಾಲಿನದು ನಡೆಯುವುದಿಲ್ಲ. ಕೈಲೆಕ್ಕ ಬೇಸರದ ಕೆಲಸ. ಕ್ಯಾಮ್‌ನ ಪೋಸ್ಟ್ ಪ್ರೊಸೆಸರ್‌ನಲ್ಲಿ ಇನ್ವರ್ಸ್ ಟೈಮ್ ಆಯ್ಕೆ ಇದ್ದರೆ ಅದನ್ನೇ ಹಾಕಿ. ಮುಗಿದ ಮೇಲೆ ಜಿ94ಕ್ಕೆ ಮರಳಲು ಮರೆಯಬೇಡಿ.

ಕೇಂದ್ರದ ಹತ್ತಿರ ಇದೂ ಸಾಲದು. 2 ಮಿ.ಮೀ. ತ್ರಿಜ್ಯದಲ್ಲಿ 400 ಸಿಗಬೇಕಾದರೆ ರೋಟರಿ ನಿಮಿಷಕ್ಕೆ ಸುಮಾರು 32 ಸುತ್ತು ಹಾಕಬೇಕು. ಅದರ ಕೈಲಾಗದಿದ್ದರೆ ಕಂಟ್ರೋಲರ್ ಫೀಡನ್ನು ತಾನೇ ಇಳಿಸುತ್ತದೆ. ಅಲ್ಲಿ ಟೂಲ್ ಉಜ್ಜದಂತೆ ಸ್ಪಿಂಡಲ್ ಆರ್‌ಪಿಎಂ ತಗ್ಗಿಸಿ.