ಪರದೆಯೂ ಕೊಂಡಿಯೂ

1968ನೆಯ ಇಸವಿಯ ಡಿಸೆಂಬರ್ 9ನೆಯ ದಿನ. ಅಮೆರಿಕದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಭಾಭವನವೊಂದರಲ್ಲಿ ಸುಮಾರು ಒಂದು ಸಾವಿರ ಮಂದಿ ಗಣಕಯಂತ್ರ ತಜ್ಞರು ನೆರೆದಿದ್ದರು. ವೇದಿಕೆಯ ಮೇಲೆ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ನಲವತ್ತಮೂರು ವಯಸ್ಸಿನ ಎಂಜಿನಿಯರು ಕುಳಿತಿದ್ದರು. ಅವರ ಮುಂದೆ ಬೆರಳಚ್ಚು ಯಂತ್ರದಂತಹ ಕೀಲಿಗಳ ಹಲಗೆಯಿತ್ತು. ಬಲಗೈಯ ಕೆಳಗೆ ತಂತಿಯ ಬಾಲವುಳ್ಳ ಪುಟ್ಟ ಪೆಟ್ಟಿಗೆಯೊಂದಿತ್ತು. ಇಂದು ಮಕ್ಕಳಿಗೂ ಪರಿಚಿತವಾದ 'ಮೌಸ್' ಎಂಬ ಸಾಧನವೇ ಅದು. ಅಂದಿನ ಸಭಿಕರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಂಡುದು ಅದೇ ಮೊದಲು.

ಆ ಕಾಲದಲ್ಲಿ ಗಣಕಯಂತ್ರದೊಡನೆ ವ್ಯವಹರಿಸುವ ಬಗೆಯೇ ಬೇರೆ. ರಂಧ್ರ ಕೊರೆದ ರಟ್ಟಿನ ಚೀಟಿಗಳ ಕಟ್ಟನ್ನು ಯಂತ್ರಾಗಾರದ ಕಿಂಡಿಯಲ್ಲಿ ಕೊಟ್ಟು ಹೋಗಬೇಕು. ಗಂಟೆಗಳ ತರುವಾಯ ಬಂದು ಉತ್ತರವನ್ನು ಪಡೆಯಬೇಕು. ಒಂದು ಚೀಟಿಯಲ್ಲಿ ತಪ್ಪಿದ್ದರೆ ಮತ್ತೆ ಮೊದಲಿನಿಂದ ಆರಂಭ. ಇಂತಹ ದಿನಗಳಲ್ಲಿ ಎಂಗೆಲ್‌ಬಾರ್ಟರು ಸಭೆಯ ಮುಂದೆ ಮನೆಗೆ ಕೊಳ್ಳಬೇಕಾದ ಸಾಮಾನುಗಳ ಪಟ್ಟಿಯೊಂದನ್ನು ಪರದೆಯ ಮೇಲೆ ಬರೆದರು. ಅದನ್ನು ವರ್ಗವರ್ಗವಾಗಿ ಜೋಡಿಸಿದರು. ಬೇಕೆಂದಾಗ ಮಡಿಚಿದರು, ಬೇಕೆಂದಾಗ ಬಿಚ್ಚಿದರು. ಅನಂತರ ದಾರಿಯಲ್ಲಿ ಹೋಗಬೇಕಾದ ಸ್ಥಳಗಳ ನಕ್ಷೆಯೊಂದನ್ನು ತೋರಿಸಿದರು. ನಕ್ಷೆಯಲ್ಲಿ 'ಗ್ರಂಥಾಲಯ' ಎಂದಿದ್ದ ಕಡೆಗೆ ಮೌಸ್ ಸರಿಸಿ ಒತ್ತಿದೊಡನೆ ಅಲ್ಲಿ ಮಾಡಬೇಕಾದ ಕೆಲಸಗಳ ವಿವರ ಕಣ್ಣೆದುರಿಗೆ ಬಂದಿತು. ಸಾಮಾನಿನ ಪಟ್ಟಿಯಂತಹ ಸಾಮಾನ್ಯ ಸಂಗತಿಯನ್ನೇ ಅವರು ಆರಿಸಿಕೊಂಡುದು ಜಾಣತನವೇ ಸರಿ. ಸಭಿಕರ ಗಮನವು ವಿಷಯದ ಕಡೆಗೆ ಹೋಗದೆ, ಒಂದು ಮಾತಿನಿಂದ ಇನ್ನೊಂದಕ್ಕೆ ಹಾರಿಸುವ ಆ ಕೊಂಡಿಯ ಕಡೆಗೇ ಹೋಯಿತು.

ಆದರೆ ನಿಜವಾದ ಬೆರಗು ಇನ್ನೂ ಉಳಿದಿತ್ತು. ಎಂಗೆಲ್‌ಬಾರ್ಟರ ಪ್ರಯೋಗಾಲಯವು ಅಲ್ಲಿಂದ ಸುಮಾರು 30 ಮೈಲಿ ದೂರದ ಮೆನ್ಲೊ ಪಾರ್ಕ್ ಎಂಬ ಊರಿನಲ್ಲಿತ್ತು. ಅವರು ಬಳಸುತ್ತಿದ್ದ ಗಣಕಯಂತ್ರವೂ ಅಲ್ಲಿಯೇ ಇತ್ತು. ಅವರ ಅಪ್ಪಣೆಗಳು ದೂರವಾಣಿಯ ತಂತಿಯ ಮೂಲಕ ಅಲ್ಲಿಗೆ ಹೋಗುತ್ತಿದ್ದವು. ಯಂತ್ರವು ರಚಿಸಿದ ಚಿತ್ರವು ಮೈಕ್ರೊತರಂಗಗಳ ಮೂಲಕ ಸಭಾಭವನದ ಪರದೆಗೆ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಪರದೆಯ ಮೂಲೆಯಲ್ಲಿ ಒಬ್ಬ ತರುಣನ ಮುಖ ಮೂಡಿತು. ಅವರು ಮೆನ್ಲೊ ಪಾರ್ಕಿನಲ್ಲಿ ಕುಳಿತಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ, ಮಾತನಾಡುತ್ತ, ಒಂದೇ ಬರಹವನ್ನು ತಮ್ಮ ತಮ್ಮ ಪರದೆಗಳ ಮೇಲೆ ಏಕಕಾಲಕ್ಕೆ ನೋಡಿದರು. ಇಷ್ಟೆಲ್ಲವನ್ನೂ ಸುಸೂತ್ರವಾಗಿ ಹೊಂದಿಸಿದವರು ಬಿಲ್ ಇಂಗ್ಲಿಷ್ ಎಂಬ ಮತ್ತೊಬ್ಬ ಎಂಜಿನಿಯರು; ಮೊದಲ ಮೌಸನ್ನು ಮರದಲ್ಲಿ ನಿರ್ಮಿಸಿದವರೂ ಅವರೇ. ತೊಂಬತ್ತು ನಿಮಿಷಗಳ ಪ್ರದರ್ಶನ ಮುಗಿದಾಗ ಸಭೆಯು ಎದ್ದುನಿಂತು ಕರತಾಡನ ಮಾಡಿತು.

ಅಂದು ಅವರು ತೋರಿಸಿದ ಚಿತ್ರಗಳನ್ನು ಯಾರೂ 'ಸ್ಲೈಡು' ಎಂದು ಕರೆಯಲಿಲ್ಲ. ಆ ಮಾತಿಗೆ ಆಗ ಬೇರೆ ಅರ್ಥವಿತ್ತು. ಗಾಜಿನ ಬಿಲ್ಲೆಯ ಮೇಲೆ ಬಿಡಿಸಿದ ಅಥವಾ ಛಾಯಾಚಿತ್ರದ ಫಿಲ್ಮಿನಿಂದ ಕತ್ತರಿಸಿ ಚೌಕಟ್ಟಿಗೆ ಕೂರಿಸಿದ ಚಿತ್ರವನ್ನು ದೀಪದ ಮುಂದೆ ಜಾರಿಸಿ ಗೋಡೆಯ ಮೇಲೆ ದೊಡ್ಡದಾಗಿ ಕಾಣಿಸುತ್ತಿದ್ದರು. ಜಾರಿಸುವುದರಿಂದಲೇ ಅದಕ್ಕೆ ಸ್ಲೈಡು ಎಂಬ ಹೆಸರು. ದೂರದ ಮಿತ್ರನಿಗೆ ಅದನ್ನು ತೋರಿಸಬೇಕಾದರೆ ಪೆಟ್ಟಿಗೆಯಲ್ಲಿ ಹತ್ತಿಯಿಟ್ಟು ಅಂಚೆಯ ಮೂಲಕ ಕಳುಹಿಸಬೇಕಾಗಿತ್ತು. 1987ರಲ್ಲಿ ಮ್ಯಾಕಿಂಟಾಷ್ ಗಣಕಯಂತ್ರಕ್ಕಾಗಿ ಪವರ್‌ಪಾಯಿಂಟ್ ಎಂಬ ತಂತ್ರಾಂಶ ಹೊರಬಂದಿತು. ಮೊದಲಲ್ಲಿ ಅದೂ ಪಾರದರ್ಶಕ ಹಾಳೆಗಳ ಮೇಲೆ ಕಪ್ಪುಬಿಳುಪಿನಲ್ಲಿ ಅಚ್ಚುಹಾಕಿಕೊಳ್ಳಲು ಅನುಕೂಲವಾದ ಸಾಧನವಾಗಿತ್ತಷ್ಟೆ. ಕಾಲಕ್ರಮದಲ್ಲಿ ಗಾಜು ಹೋಯಿತು, ಫಿಲ್ಮು ಹೋಯಿತು, ಹಾಳೆಯೂ ಹೋಯಿತು. ಜಾರಿಸುವ ವಸ್ತುವೇ ಇಲ್ಲದಿದ್ದರೂ ಹೆಸರು ಮಾತ್ರ ಉಳಿದುಬಂದಿದೆ.

ಸ್ಲೈಡು ಎಂಬುದು ಸ್ವಭಾವತಃ ಸಂಕ್ಷೇಪ. ನೂರು ಪುಟಗಳ ವರದಿ, ಸಾವಿರ ಅಂಕಿಗಳ ಕೋಷ್ಟಕ, ತಿಂಗಳುಗಟ್ಟಲೆ ನಡೆದ ಪ್ರಯೋಗ ಇವೆಲ್ಲವೂ ಅಲ್ಲಿ ನಾಲ್ಕಾರು ಸಾಲುಗಳಾಗುತ್ತವೆ. ಸಿದ್ಧಪಡಿಸಿದವರು ಪಕ್ಕದಲ್ಲಿಯೇ ನಿಂತು ವಿವರಿಸುವಾಗ ಇದರಿಂದ ಕೊರತೆಯೇನೂ ಆಗದು. ಕೇಳುವವರು ಪ್ರಶ್ನಿಸಬಹುದು, ಮೂಲವನ್ನು ತೆಗೆದು ತೋರಿಸೆಂದು ಹೇಳಬಹುದು. ಆದರೆ ಸ್ಲೈಡು ಜಾಲದ ಮೂಲಕ ಒಬ್ಬಂಟಿಯಾಗಿ ದೂರದೂರಿಗೆ ಹೊರಟಾಗ ಅದರ ಹಿಂದಿರುವ ವರದಿಯೂ ಕೋಷ್ಟಕವೂ ಜೊತೆಯಲ್ಲಿ ಹೋಗುತ್ತವೆಯೇ? ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಕೊಂಡಿ ಬೇಕಾಗುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬೆಂಗಳೂರಿನ ಅಧಿಕಾರಿಯೊಬ್ಬರು ಮಳೆಯ ಪ್ರಮಾಣವನ್ನು ಕುರಿತು ಇಪ್ಪತ್ತು ಸ್ಲೈಡುಗಳನ್ನು ಸಿದ್ಧಪಡಿಸಿ ಕಲಬುರಗಿಯ ಹಾಗೂ ಮಂಗಳೂರಿನ ಸಹೋದ್ಯೋಗಿಗಳಿಗೆ ಕಳುಹಿಸುವರೆಂದು ಭಾವಿಸಬಹುದು. ಅಂಕಿಗಳ ಕೋಷ್ಟಕವನ್ನು ಸ್ಲೈಡಿಗೆ ಸೇರಿಸಲು ಅವರಿಗೆ ಎರಡು ದಾರಿಗಳುಂಟು. ಕೋಷ್ಟಕದ ಪ್ರತಿಯನ್ನೇ ಸ್ಲೈಡಿನೊಳಗೆ ಹುದುಗಿಸಿಬಿಡುವುದು ಒಂದು. ಕೋಷ್ಟಕವಿರುವ ವಿಳಾಸವನ್ನು ಮಾತ್ರ ಬರೆದಿಟ್ಟು ಕೊಂಡಿ ಹಾಕುವುದು ಇನ್ನೊಂದು. ಹುದುಗಿಸಿದರೆ ಅದು ಎಲ್ಲಿಗೆ ಹೋದರೂ ತೆರೆಯುತ್ತದೆ. ಆದರೆ ಮರುದಿನ ಮಳೆಮಾಪನ ಕೇಂದ್ರದಿಂದ ತಿದ್ದುಪಡಿ ಬಂದಾಗ ಮೂಲವು ಬದಲಾಗುತ್ತದೆಯೇ ಹೊರತು ಪ್ರತಿಯು ಬದಲಾಗದು. ಏಳು ಕಚೇರಿಗಳಲ್ಲಿ ಏಳು ಪ್ರತಿಗಳು ಸೇರಿಕೊಂಡು, ಯಾವುದು ಸರಿಯೆಂಬುದೇ ತಿಳಿಯದಂತಾಗುತ್ತದೆ. ಕೊಂಡಿ ಹಾಕಿದರೆ ಮೂಲದ ತಿದ್ದುಪಡಿಯು ಸ್ಲೈಡಿಗೂ ಬರುತ್ತದೆ. ಆದರೆ ಆ ವಿಳಾಸವು ಅಧಿಕಾರಿಯ ಸ್ವಂತ ಯಂತ್ರದ ಯಾವುದೋ ಮೂಲೆಯದಾಗಿದ್ದರೆ, ಕಲಬುರಗಿಯಲ್ಲಿ ಕುಳಿತವರಿಗೆ ಅದರಿಂದ ಏನು ಪ್ರಯೋಜನ? ತಮ್ಮ ಮನೆಯ ಬೀರುವಿನ ಎರಡನೆಯ ಅರೆಯಲ್ಲಿದೆ, ನೋಡಿಕೊಳ್ಳಿ ಎಂದು ಪರಸ್ಥಳದವರಿಗೆ ಕಾಗದ ಬರೆದಂತೆಯೇ ಸರಿ.

ಆದುದರಿಂದ ತಿಳಿದವರು ಮೊದಲು ಮೂಲ ಕಡತವನ್ನೂ ಸ್ಲೈಡುಗಳನ್ನೂ ಎಲ್ಲರೂ ತಲುಪಬಹುದಾದ ಜಾಲದ ಒಂದೇ ತಾಣದಲ್ಲಿ ಇರಿಸುತ್ತಾರೆ, ಕೊಂಡಿಯನ್ನು ಅನಂತರವೇ ಹಾಕುತ್ತಾರೆ. ಅದನ್ನು ತೆರೆದು ನೋಡುವ ಅನುಮತಿ ಸಹೋದ್ಯೋಗಿಗಳಿಗೆ ದೊರೆತಿದೆಯೇ ಎಂದು ಪರೀಕ್ಷಿಸುತ್ತಾರೆ. ಕಳುಹಿಸುವ ಮುನ್ನ ತಮ್ಮದಲ್ಲದ ಬೇರೊಂದು ಯಂತ್ರದಲ್ಲಿ ಕೊಂಡಿಯನ್ನು ಒತ್ತಿ ನೋಡುತ್ತಾರೆ. ತಮ್ಮ ಯಂತ್ರದಲ್ಲಿ ಎಲ್ಲ ಕೊಂಡಿಗಳೂ ತೆರೆಯುತ್ತವೆ; ಅದು ಪರೀಕ್ಷೆಯೇ ಅಲ್ಲ.

ಜಗತ್ತಿಗೆಲ್ಲ ವ್ಯಾಪಿಸಿದ ಕೊಂಡಿಗಳ ಜಾಲವು ಹುಟ್ಟಿದುದೂ ಇಂತಹದೇ ತೊಂದರೆಯಿಂದ. ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ನಾನಾ ದೇಶಗಳ ಸಾವಿರಾರು ವಿಜ್ಞಾನಿಗಳು ಬಂದು, ಕೆಲವು ಕಾಲ ದುಡಿದು, ಹಿಂದಿರುಗುತ್ತಿದ್ದರು. ಅವರೊಡನೆ ಅವರ ತಿಳಿವಳಿಕೆಯೂ ಹೊರಟುಹೋಗುತ್ತಿತ್ತು. ಯಾವ ಕಡತ ಯಾವ ಯಂತ್ರದಲ್ಲಿದೆಯೆಂದು ಹುಡುಕುವುದೇ ದೊಡ್ಡ ಕೆಲಸವಾಗಿತ್ತು. 1989ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿನ ಟಿಮ್ ಬರ್ನರ್ಸ್-ಲೀ ಎಂಬುವರು ಎಲ್ಲ ಯಂತ್ರಗಳ ಬರಹಗಳನ್ನೂ ಕೊಂಡಿಗಳಿಂದ ಹೆಣೆಯುವ ಸೂಚನೆಯನ್ನು ಮುಂದಿಟ್ಟರು. ಅವರು ಆರಿಸಿಕೊಂಡುದು ಒಮ್ಮುಖದ ಕೊಂಡಿ. ಯಾರು ಬೇಕಾದರೂ ಯಾರ ಬರಹಕ್ಕೆ ಬೇಕಾದರೂ ಕೊಂಡಿ ಹಾಕಬಹುದು, ಆ ಬರಹದ ಒಡೆಯನನ್ನು ಕೇಳಬೇಕಾದುದಿಲ್ಲ. ಜಾಲವು ಇಷ್ಟು ವೇಗವಾಗಿ ಬೆಳೆಯಲು ಈ ಸರಳತೆಯು ಒಂದು ಮುಖ್ಯ ಕಾರಣ. ಆದರೆ ಒಡೆಯನು ಬರಹವನ್ನು ಬೇರೆಡೆಗೆ ಸಾಗಿಸಿದರೆ ಅಥವಾ ಅಳಿಸಿಬಿಟ್ಟರೆ ಕೊಂಡಿ ಹಾಕಿದವರಿಗೆ ಸುದ್ದಿಯೇ ತಿಳಿಯದು. '404' ಎಂಬ ಅಂಕಿಯೊಡನೆ, ಕೇಳಿದುದು ಸಿಗಲಿಲ್ಲವೆಂದು ಯಂತ್ರವು ಕೈಚೆಲ್ಲುವುದು ಆಗಲೇ.

ಕೊಂಡಿ ಕಳಚದಿದ್ದರೂ ಸಾಲದು. ಸೋಮವಾರದ ಸಭೆಯಲ್ಲಿ ಎಲ್ಲರೂ ಒಪ್ಪಿದ ಅಂಕಿಯು, ಮೂಲವನ್ನು ಯಾರೋ ತಿದ್ದಿದುದರಿಂದ ಗುರುವಾರದ ವೇಳೆಗೆ ಬೇರೆಯಾಗಿರಬಹುದು. ಎಂಗೆಲ್‌ಬಾರ್ಟರ ಬಳಗವು ಇದನ್ನು ಬಹುಮೊದಲೇ ಮನಗಂಡಿತ್ತು. 1970ರ ಸುಮಾರಿಗೆ ಅವರು ತಮ್ಮ ವ್ಯವಸ್ಥೆಗೆ 'ಜರ್ನಲ್' ಎಂಬ ದಾಖಲೆಯ ಭಂಡಾರವೊಂದನ್ನು ಸೇರಿಸಿದರು. ಅದಕ್ಕೆ ಒಪ್ಪಿಸಿದ ಪ್ರತಿ ಬರಹಕ್ಕೂ ಒಂದು ಕ್ರಮಸಂಖ್ಯೆ. ಒಮ್ಮೆ ಒಪ್ಪಿಸಿದ ಮೇಲೆ ಅದನ್ನು ತಿದ್ದುವಂತಿಲ್ಲ. ತಿದ್ದಬೇಕೆನಿಸಿದರೆ ಹೊಸ ಬರಹ, ಹೊಸ ಸಂಖ್ಯೆ. ಹಳೆಯದಕ್ಕೆ ಹಾಕಿದ ಕೊಂಡಿಯು ಹಳೆಯದನ್ನೇ ತೋರಿಸುವುದು. ನಮ್ಮ ನೋಂದಣಿ ಕಚೇರಿಗಳ ಪುಸ್ತಕಗಳಲ್ಲಿಯೂ ನಡೆದುಬಂದಿರುವುದು ಇದೇ ವಿವೇಕವಲ್ಲವೆ?

ಸ್ಲೈಡಿಗೂ ಅದರ ಆಧಾರಕ್ಕೂ ನಡುವಣ ಎಳೆ ಸಡಿಲವಾದರೆ ಎಂತಹ ಹಾನಿಯುಂಟಾಗಬಹುದೆಂಬುದು 2003ರಲ್ಲಿ ಜಗತ್ತಿಗೆ ತಿಳಿದುಬಂದಿತು. ಆ ವರ್ಷದ ಜನವರಿ 16ರಂದು ಕೊಲಂಬಿಯಾ ಎಂಬ ಅಮೆರಿಕದ ಆಕಾಶನೌಕೆಯು ಏಳು ಮಂದಿಯನ್ನು ಹೊತ್ತು ಮೇಲೇರಿತು. ಅವರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು. 1997ರಲ್ಲಿ ಇದೇ ನೌಕೆಯಲ್ಲಿ ಹೋಗಿಬಂದಿದ್ದ ಅವರಿಗೆ ಇದು ಎರಡನೆಯ ಯಾನ. ನೌಕೆ ಮೇಲೇರಿದ ಸುಮಾರು 82 ಸೆಕೆಂಡುಗಳಲ್ಲಿ ಹೊರಗಿನ ಇಂಧನತೊಟ್ಟಿಯ ಹೊದಿಕೆಯಿಂದ ಗಟ್ಟಿನೊರೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಮರುದಿನ ಚಲನಚಿತ್ರಗಳನ್ನು ಪರಿಶೀಲಿಸಿದಾಗ ಅದು ಕಂಡುಬಂದಿತು. ಪೆಟ್ಟು ಅಪಾಯಕರವೇ ಎಂದು ಲೆಕ್ಕಹಾಕಲು ಎಂಜಿನಿಯರುಗಳ ತಂಡವೊಂದು ನೇಮಕವಾಯಿತು.

ಆ ತಂಡವು ತನ್ನ ಅಭಿಪ್ರಾಯವನ್ನು ಸ್ಲೈಡುಗಳಲ್ಲಿ ಮಂಡಿಸಿತು. ಅವುಗಳಲ್ಲೊಂದರ ಶಿರೋನಾಮೆಯು, ನೌಕೆಯ ಶಾಖರಕ್ಷಕ ಬಿಲ್ಲೆಗಳ ವಿಷಯದಲ್ಲಿ ತಮ್ಮ ಲೆಕ್ಕವು ಹಾನಿಯನ್ನು ಹೆಚ್ಚಾಗಿಯೇ ಅಂದಾಜು ಮಾಡಿರುವಂತೆ ಹಳೆಯ ಪ್ರಯೋಗಗಳು ಸೂಚಿಸುತ್ತವೆ ಎಂಬ ಧೈರ್ಯದ ಭಾವವನ್ನು ಕೊಡುತ್ತಿತ್ತು. ಅದೇ ಸ್ಲೈಡಿನ ಅಡಿಯಲ್ಲಿ, ಸಾಲುಗಳ ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಬೇರೊಂದು ಸಂಗತಿಯಿತ್ತು. ಪ್ರಯೋಗದಲ್ಲಿ ಬಳಸಿದ ತುಂಡಿನ ಗಾತ್ರ 3 ಘನ ಅಂಗುಲ; ರೆಕ್ಕೆಗೆ ಬಡಿದ ತುಂಡಿನ ಅಂದಾಜು ಗಾತ್ರ 1920 ಘನ ಅಂಗುಲ. ಎಂದರೆ 640 ಪಟ್ಟು! ಬೆಣಚುಕಲ್ಲಿನ ಪೆಟ್ಟನ್ನು ಅಳೆದು ಬಂಡೆಯ ಪೆಟ್ಟಿಗೆ ತೀರ್ಪು ಹೇಳಿದಂತಾಗಿತ್ತು. ಶಿರೋನಾಮೆಯನ್ನು ಓದಿದವರಿಗೆ ನೆಮ್ಮದಿ. ಕೊನೆಯ ಸಾಲನ್ನು ಓದಿದವರಿಗೆ ಆತಂಕವಾಗಬೇಕಾಗಿತ್ತು. ವಿಷಯವು ಒಂದು ಸಭೆಯಿಂದ ಮೇಲಿನ ಸಭೆಗೆ ಏರುತ್ತ ಹೋದಂತೆ ಇನ್ನಷ್ಟು ಚಿಕ್ಕದಾಯಿತು. ನಿರ್ಧಾರ ಕೈಗೊಳ್ಳಬೇಕಾದ ಹಿರಿಯ ಸಮಿತಿಗೆ ಮುಟ್ಟಿದುದು ಬಾಯಿಮಾತಿನ ಸಾರಾಂಶ. ಆ ಸಾರಾಂಶದಿಂದ ಕೊನೆಯ ಸಾಲಿಗೂ, ಅಲ್ಲಿಂದ ಪ್ರಯೋಗದ ದಾಖಲೆಗೂ ಯಾರೂ ಹಿಂದಿರುಗಿ ನಡೆಯಲಿಲ್ಲ.

ಫೆಬ್ರವರಿ 1ರ ಬೆಳಗ್ಗೆ ಭೂಮಿಗೆ ಮರಳುತ್ತಿದ್ದ ಕೊಲಂಬಿಯಾ, ಟೆಕ್ಸಾಸ್ ಪ್ರಾಂತದ ಮೇಲೆ ಆಕಾಶದಲ್ಲಿಯೇ ಛಿದ್ರವಾಯಿತು. ಏಳು ಮಂದಿಯೂ ಅಸುನೀಗಿದರು.

ಈ ದುರಂತಕ್ಕೆ ಸ್ಲೈಡೊಂದೇ ಕಾರಣವೆಂದರೆ ಅನ್ಯಾಯವಾದೀತು. ಗಟ್ಟಿನೊರೆ ಕಳಚುವುದನ್ನು ವರ್ಷಗಟ್ಟಲೆ ಕಂಡೂ ಸಹಿಸಿದ್ದ ಅಭ್ಯಾಸವಿತ್ತು. ಕಕ್ಷೆಯಲ್ಲಿದ್ದ ನೌಕೆಯ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಎಂಜಿನಿಯರುಗಳು ಮಾಡಿದ ಕೋರಿಕೆ ಈಡೇರಲಿಲ್ಲ. ಆದರೂ ಆ ವರ್ಷದ ಆಗಸ್ಟಿನಲ್ಲಿ ಹೊರಬಂದ ತನಿಖಾ ಮಂಡಳಿಯ ವರದಿಯು ಈ ಸ್ಲೈಡಿಗೆ ವಿಶೇಷ ಗಮನವನ್ನು ಕೊಟ್ಟಿತು. ಚಿತ್ರಗಳಲ್ಲಿ ಅಂಕಿಸಂಖ್ಯೆಗಳನ್ನು ನಿರೂಪಿಸುವ ಶಾಸ್ತ್ರದಲ್ಲಿ ಪಾರಂಗತರಾದ ಎಡ್ವರ್ಡ್ ಟಫ್ಟಿಯವರ ವಿಶ್ಲೇಷಣೆಯೊಡನೆ ಆ ಸ್ಲೈಡನ್ನೇ ಅಚ್ಚುಹಾಕಿ, ತಾಂತ್ರಿಕ ವರದಿಗಳನ್ನು ಬರೆಯಬೇಕಾದೆಡೆಯಲ್ಲಿ ಸ್ಲೈಡುಗಳಿಂದಲೇ ಕೆಲಸ ಸಾಗಿಸುತ್ತಿದ್ದ ರೂಢಿಯನ್ನು ಮಂಡಳಿಯು ಟೀಕಿಸಿತು.

ವರದಿ ಹೊರಬರುವುದಕ್ಕೆ ಮುನ್ನ, ಜುಲೈ ತಿಂಗಳಿನಲ್ಲಿ, ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಒಂದು ಪ್ರಯೋಗ ನಡೆಯಿತು. ಈ ಬಾರಿ 3 ಘನ ಅಂಗುಲದ ಚೂರನ್ನು ಬಳಸಲಿಲ್ಲ. ಅಂದು ರೆಕ್ಕೆಗೆ ಬಡಿದುದರಷ್ಟೇ ದೊಡ್ಡ ಗಟ್ಟಿನೊರೆಯ ತುಂಡನ್ನು ಅಂದಿನಷ್ಟೇ ವೇಗದಲ್ಲಿ, ನೌಕೆಯ ರೆಕ್ಕೆಯ ಮುಂದಿನ ಅಂಚಿನಲ್ಲಿರುವಂತಹ ಫಲಕದ ಮೇಲೆ ಫಿರಂಗಿಯಂತಹ ಯಂತ್ರದಿಂದ ಹಾರಿಸಿದರು. ಫಲಕದಲ್ಲಿ ಸುಮಾರು 40 ಸೆಂಟಿಮೀಟರ್ ಅಗಲದ ರಂಧ್ರ ಬಿದ್ದಿತು.